ಈ ಹಲ್ಲಿಯ ಬಾಲ ಮತ್ತೆ ಬೆಳೆಯಲ್ಲ

ನಾಸ್ಕಾ ಗೆರೆಗಳ ಬಗ್ಗೆ ಯಾರಾದರೂ ಬಾಯಿ ಬಿಟ್ಟರೆ ಸಾಕು, ನಮ್ಮ ಹಾಸ್ಟೆಲ್‌ನಲ್ಲಿ ಬರುವ ಮೊದಲ ಮಾತು "ಏಲಿಯನ್ಸ್ ಗುರು, ಏಲಿಯನ್ಸ್". ರೀಲ್ಸ್‌ನಲ್ಲೂ ಅದೇ, ಯೂಟ್ಯೂಬ್‌ನಲ್ಲೂ ಅದೇ. ಹಿನ್ನೆಲೆಗೆ ಒಂದು ಭಯಾನಕ ಮ್ಯೂಸಿಕ್, ಮೇಲಿಂದ ತೆಗೆದ ಒಂದು ಕೋತಿಯ ಚಿತ್ರ, "ವಿಜ್ಞಾನಿಗಳಿಗೂ ಉತ್ತರ ಗೊತ್ತಿಲ್ಲ" ಅನ್ನೋ ಒಂದು ಸಾಲು. ಅಲ್ಲಿಗೆ ಮುಗೀತು. ಆದರೆ ಇಂಜಿನಿಯರಿಂಗ್ ಓದುವವರು ಆ ಮರಳುಗಾಡಿನಲ್ಲಿ ನಿಜವಾಗಿ ನೋಡಬೇಕಾದದ್ದು ಬೇರೆ ಇದೆ ಅಂತ ನನ್ನ ವಾದ. ಅಲ್ಲಿ ಒಂದು ಹಲ್ಲಿ ಇದೆ. ಸುಮಾರು 180 ಮೀಟರ್ ಉದ್ದ. ಅದರ ಮೈ ಮೇಲೆ ಒಂದು ರಸ್ತೆ ಹಾದು ಹೋಗಿದೆ. ಹಲ್ಲಿಯನ್ನ ಬಿಡಿಸಿದವರು ಏಲಿಯನ್ಸ್ ಅಲ್ಲ. ರಸ್ತೆ ಹಾಕಿದವರಂತೂ ನಮ್ಮವರೇ, ಅಂದರೆ ಇಂಜಿನಿಯರ್‌ಗಳು.

ಮೊದಲು ಜಾಗ ಎಲ್ಲಿ, ಏನು ಅಂತ ಹೇಳಿಬಿಡ್ತೀನಿ. ದಕ್ಷಿಣ ಅಮೆರಿಕದ ಪೆರು ದೇಶ. ರಾಜಧಾನಿ ಲಿಮಾದಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರ್ ಹೋದರೆ ನಾಸ್ಕಾ ಅನ್ನೋ ಊರು ಸಿಗುತ್ತೆ. ಅದಕ್ಕೂ ಪಾಲ್ಪಾ ಅನ್ನೋ ಊರಿಗೂ ನಡುವೆ ಇರುವ ಬಟಾಬಯಲಿನಲ್ಲಿ ನೂರಾರು ನೇರ ಗೆರೆಗಳು, ತ್ರಿಕೋನಗಳು, ಸುರುಳಿಗಳು, ಜೊತೆಗೆ ಪ್ರಾಣಿ ಪಕ್ಷಿಗಳ ಚಿತ್ರಗಳಿವೆ. ಕೋತಿ, ಜೇಡ, ಹಮ್ಮಿಂಗ್‌ಬರ್ಡ್, ಕಾಂಡೋರ್ ಅನ್ನೋ ರಣಹದ್ದು. ಜೇಡ ಸುಮಾರು 46 ಮೀಟರ್, ಹಮ್ಮಿಂಗ್‌ಬರ್ಡ್ ಸುಮಾರು 93 ಮೀಟರ್, ಕಾಂಡೋರ್ 130 ಮೀಟರಿಗೂ ಹೆಚ್ಚು. ಇವೆಲ್ಲ ಸುಮಾರು ಕ್ರಿ.ಪೂ. 500ರಿಂದ ಕ್ರಿ.ಶ. 500ರ ನಡುವೆ ಮಾಡಿದ್ದು. 1994ರಲ್ಲಿ ಯುನೆಸ್ಕೋ ಇದನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾಡಿದ್ದು ಹೇಗೆ? ಇದರಲ್ಲಿ ರಹಸ್ಯ ಏನೂ ಇಲ್ಲ. ಆ ಬಯಲಿನ ಮೇಲೆಲ್ಲ ಸಣ್ಣ ಸಣ್ಣ ಕಲ್ಲುಗಳು ಹರಡಿಕೊಂಡಿವೆ. ಸಾವಿರಾರು ವರ್ಷ ಬಿಸಿಲಿಗೆ ಬಿದ್ದು ಮೇಲ್ಮೈಯಲ್ಲಿ ಕಬ್ಬಿಣದ ಆಕ್ಸೈಡ್ ಹಿಡಿದು ಕೆಂಪು ಕಂದು ಬಣ್ಣಕ್ಕೆ ತಿರುಗಿವೆ. ಈ ಕಲ್ಲುಗಳನ್ನ ಎತ್ತಿ ಪಕ್ಕಕ್ಕೆ ಹಾಕಿದರೆ ಕೆಳಗೆ ತಿಳಿ ಹಳದಿ ಬಣ್ಣದ ಮಣ್ಣು ಕಾಣುತ್ತೆ. ಅಷ್ಟೇ ಗೆರೆ. ಬಹುತೇಕ ಗೆರೆಗಳ ಆಳ 10ರಿಂದ 15 ಸೆಂಟಿಮೀಟರ್. ನಮ್ಮ ಅಮ್ಮಂದಿರು ಬಿಳಿ ಪುಡಿಯನ್ನ ಮೇಲೆ ಹಾಕಿ ರಂಗೋಲಿ ಬಿಡಿಸ್ತಾರೆ. ಇವರು ಮೇಲಿನ ಕಪ್ಪನ್ನ ತೆಗೆದು ಬಿಡಿಸಿದ್ದಾರೆ.

"ಅಷ್ಟು ದೊಡ್ಡ ಚಿತ್ರವನ್ನ ಮೇಲಿಂದ ನೋಡದೆ ಹೇಗೆ ಬಿಡಿಸೋಕಾಗುತ್ತೆ?" ಅಂತ ಕೇಳುವವರು ಯಾವುದಾದರೂ ಮನೆ ಕಟ್ಟುವ ಸೈಟಿಗೆ ಹೋಗಿ ನಿಲ್ಲಬೇಕು. ಮೇಸ್ತ್ರಿ ಪಾಯದ ಗುರುತು ಹಾಕುವಾಗ ಡ್ರೋನ್ ಹಾರಿಸಲ್ಲ. ನಾಲ್ಕು ಗೂಟ ಹೊಡೀತಾರೆ, ದಾರ ಎಳೀತಾರೆ, ಮೂರು-ನಾಲ್ಕು-ಐದು ಲೆಕ್ಕದಲ್ಲಿ ಮೂಲೆ ಮಟ್ಟ ಮಾಡ್ತಾರೆ, ಸುಣ್ಣ ಚೆಲ್ಲುತ್ತಾರೆ. ಪೇಪರ್ ಮೇಲಿನ ಪ್ಲಾನ್ ನೆಲದ ಮೇಲೆ ನೂರು ಪಟ್ಟು ದೊಡ್ಡದಾಗಿ ಇಳಿಯುತ್ತೆ. ಒಂದು ಗೂಟಕ್ಕೆ ಹಗ್ಗ ಕಟ್ಟಿ ಸುತ್ತಿದರೆ ವೃತ್ತದ ಚಾಪ ಬರುತ್ತೆ ಅಂತ ಐದನೇ ಕ್ಲಾಸಿನ ಹುಡುಗರಿಗೂ ಗೊತ್ತು. 1982ರಲ್ಲಿ ಅಮೆರಿಕದ ಜೋ ನಿಕೆಲ್ ಅನ್ನುವವರು ಇದನ್ನೇ ಮಾಡಿ ತೋರಿಸಿದರು. ಕೆಂಟಕಿಯ ಒಂದು ಬಯಲಿನಲ್ಲಿ ಬೆರಳೆಣಿಕೆಯ ಜನ ಸೇರಿಕೊಂಡು, ಮರದ ಗೂಟ ಮತ್ತು ಹಗ್ಗ ಹಿಡಿದು, ಕಾಂಡೋರ್ ಚಿತ್ರವನ್ನ ಅದರ ಪೂರ್ತಿ ಅಳತೆಯಲ್ಲಿ ಇಳಿಸಿದರು. ಮೇಲಿಂದ ಯಾರೂ ದಾರಿ ತೋರಿಸಲಿಲ್ಲ. ಆಮೇಲೆ ವಿಮಾನದಿಂದ ಫೋಟೋ ತೆಗೆದು ನೋಡಿದರೆ ಚಿತ್ರ ಸರಿಯಾಗೇ ಇತ್ತು.

ಆದರೂ ಎರಿಕ್ ಫಾನ್ ಡ್ಯಾನಿಕನ್ 1968ರಲ್ಲಿ ಬರೆದ ಪುಸ್ತಕದಿಂದ ಶುರುವಾದ ಆಕಾಶನೌಕೆಯ ಕಥೆ ಇನ್ನೂ ಸತ್ತಿಲ್ಲ. ನನಗೆ ಈ ಕಥೆ ಬರೀ ತಮಾಷೆ ಅನ್ನಿಸಲ್ಲ. ಅದರ ಒಳಗೆ ಒಂದು ಅವಮಾನ ಇದೆ. "ಆ ಜನಕ್ಕೆ ಇಷ್ಟೆಲ್ಲ ಬುದ್ಧಿ ಎಲ್ಲಿತ್ತು?" ಅನ್ನೋ ಪ್ರಶ್ನೆ ಅದರ ಅಡಿಪಾಯ. ಯುರೋಪಿನ ಚರ್ಚುಗಳನ್ನ ಏಲಿಯನ್ಸ್ ಕಟ್ಟಿದರು ಅಂತ ಯಾರೂ ರೀಲ್ಸ್ ಮಾಡಲ್ಲ, ಗಮನಿಸಿ. ಇನ್ನೊಂದು ತೊಂದರೆಯೂ ಇದೆ. ಮಾಡಿದವರು ಬೇರೆ ಗ್ರಹದವರು ಅಂದ ಮೇಲೆ ಆ ಚಿತ್ರಗಳಿಗೆ ಈ ಭೂಮಿ ಮೇಲೆ ವಾರಸುದಾರರೇ ಇಲ್ಲದ ಹಾಗಾಯಿತು. ವಾರಸುದಾರರಿಲ್ಲದ ಆಸ್ತಿಗೆ ಏನಾಗುತ್ತೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು.

ಈಗ ಪ್ರವಾಸದ ವಿಷಯಕ್ಕೆ ಬರ್ತೀನಿ. ವಿದೇಶದಲ್ಲಿ ಓದುತ್ತಿರುವ ನಮ್ಮ ಚಿಕ್ಕಮ್ಮನ ಮಗಳು, ಅಂದರೆ ನಮ್ಮ ಅಕ್ಕ, ಅಲ್ಲಿಗೆ ಹೋಗಿ ಬಂದಳು. ಎರಡು ದಿನದ ಪ್ಯಾಕೇಜ್. ಅವಳ ಫೋಟೋ, ವಿಡಿಯೋ ನೋಡಿಯೇ ನಾನು ಇದರ ಬಗ್ಗೆ ಓದೋಕೆ ಶುರು ಮಾಡಿದ್ದು. ಲಿಮಾ ಬಿಟ್ಟು ಸುಮಾರು 250 ಕಿಲೋಮೀಟರ್ ಬಂದರೆ ಪರಾಕಸ್ ಅನ್ನೋ ಸಮುದ್ರ ತೀರದ ಊರು. ಬೆಳಿಗ್ಗೆ ಸ್ಪೀಡ್‌ಬೋಟ್ ಹತ್ತಿಸ್ತಾರೆ. ದಾರಿಯಲ್ಲೇ ಗುಡ್ಡದ ಇಳಿಜಾರಿನಲ್ಲಿ ಮೂರು ಕೊಂಬೆಯ ದೀಪಸ್ತಂಭದಂಥ ಒಂದು ದೊಡ್ಡ ಆಕೃತಿ ಸಮುದ್ರದಿಂದ ನೇರ ಕಾಣುತ್ತೆ. ಅದಕ್ಕೆ 'ಕ್ಯಾಂಡೆಲಾಬ್ರೋ' ಅಂತಾರೆ. ಅದಾದ ಮೇಲೆ ಬಯೆಸ್ತಾಸ್ ದ್ವೀಪಗಳು. ಬಂಡೆ ಮೇಲೆಲ್ಲ ಸೀ ಲಯನ್‌ಗಳು ಬಿದ್ದುಕೊಂಡಿರುತ್ತವೆ. ಪೆಲಿಕನ್, ಬೂಬಿ, ನೀರುಕಾಗೆಯ ಜಾತಿಯ ಗ್ವನಾಯ್ ಹಕ್ಕಿ, ಬಿಳಿ ಮೀಸೆಯ ಇಂಕಾ ಟರ್ನ್, ಸಾಲಾಗಿ ನಿಂತ ಹಂಬೋಲ್ಟ್ ಪೆಂಗ್ವಿನ್. ಮರಳುಗಾಡಿನ ಪಕ್ಕದಲ್ಲಿ ಪೆಂಗ್ವಿನ್! "ವಾಸನೆ ಮಾತ್ರ ಕೇಳಬೇಡ ಕಣೋ" ಅಂದಳು ಅಕ್ಕ. ಒಟ್ಟು ಎರಡು ಗಂಟೆ. ದೋಣಿ ದ್ವೀಪದ ಸುತ್ತ ಸುತ್ತುತ್ತೆ, ಪ್ರವಾಸಿಗಳನ್ನ ಮಾತ್ರ ಕೆಳಗೆ ಇಳಿಸಲ್ಲ.

ಅಲ್ಲಿಂದ ಬಸ್ಸಲ್ಲಿ ನಾಸ್ಕಾ. ಮಾರನೇ ದಿನ ಸಣ್ಣ ಸೆಸ್ನಾ ವಿಮಾನದಲ್ಲಿ ಅರ್ಧ ಗಂಟೆ ಹಾರಾಟ. ಎರಡೂ ಕಡೆ ಕೂತವರಿಗೆ ಕಾಣಲಿ ಅಂತ ಪೈಲಟ್ ವಿಮಾನವನ್ನ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿಸ್ತಾನೆ. ಬೆಳಿಗ್ಗೆ ತಿಂಡಿ ತಿಂದವರ ಪಾಡು ದೇವರಿಗೇ ಪ್ರೀತಿ. ಇದರಲ್ಲಿ ಅಪಾಯ ಇಲ್ಲ ಅಂತಲೂ ಇಲ್ಲ. 2022ರ ಫೆಬ್ರವರಿಯಲ್ಲಿ ಇಂಥದ್ದೇ ಒಂದು ವಿಮಾನ ಬಿದ್ದು ಅದರಲ್ಲಿದ್ದ ಏಳು ಜನರೂ ತೀರಿಕೊಂಡರು. ವಿಮಾನ ಬೇಡ ಅನ್ನುವವರಿಗೆ ಹೆದ್ದಾರಿ ಪಕ್ಕದಲ್ಲಿ ಒಂದು ಕಬ್ಬಿಣದ ವೀಕ್ಷಣಾ ಗೋಪುರ ಇದೆ. ಅಲ್ಲೂ ಅಷ್ಟೇ, ಮೇಲಿಂದ ನೋಡಬಹುದು, ಗೆರೆಗಳ ಹತ್ತಿರ ಹೋಗುವ ಹಾಗಿಲ್ಲ.

ಮನೆಯ ಗ್ರೂಪ್‌ನಲ್ಲಿ ಇದಕ್ಕೆ ಬಂದ ಕಾಮೆಂಟು: "ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ, ಕಾಲೂ ಇಡದೆ ಬಂದ್ಯಾ?" ನಾನು ಇದಕ್ಕೆ ಉಲ್ಟಾ ಹೇಳ್ತೀನಿ. ಕಾಲು ಇಡೋಕೆ ಬಿಡದೇ ಇರೋದೇ ಆ ಎರಡೂ ಜಾಗಗಳ ಅತ್ಯುತ್ತಮ ಡಿಸೈನ್. ನಾವು ಎಲ್ಲಿಗೆ ಹೋದರೂ ಮುಟ್ಟಿ ನೋಡಬೇಕು, ಹತ್ತಿ ನಿಲ್ಲಬೇಕು, ಹೆಸರು ಕೆತ್ತಬೇಕು. ನೋಡೋದಕ್ಕೂ ತುಳಿಯೋದಕ್ಕೂ ವ್ಯತ್ಯಾಸ ಇದೆ ಅಂತ ಆ ಎರಡು ದಿನದ ಪ್ರವಾಸ ಕಲಿಸುತ್ತೆ ಅಂದರೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಈ ಎರಡು ಜಾಗಗಳಿಗೆ ನೂರಾರು ಕಿಲೋಮೀಟರ್ ದೂರ. ಒಂದು ಒಣ ಬಯಲು, ಇನ್ನೊಂದು ಜೀವ ತುಂಬಿ ತುಳುಕುವ ಸಮುದ್ರ. ಪ್ಯಾಕೇಜಿನವರು ಸುಮ್ಮನೆ ದಾರಿಯಲ್ಲಿ ಸಿಗುತ್ತೆ ಅಂತ ಒಟ್ಟಿಗೆ ಸೇರಿಸಿದ್ದಾರೆ ಅನ್ನಿಸುತ್ತೆ. ಆದರೆ ಎರಡಕ್ಕೂ ಒಂದೇ ಕಾರಣ. ಅದು ಹಂಬೋಲ್ಟ್ ಪ್ರವಾಹ.

ದಕ್ಷಿಣದಿಂದ ಪೆರುವಿನ ತೀರದ ಉದ್ದಕ್ಕೂ ತಣ್ಣೀರಿನ ಪ್ರವಾಹ ಹರಿಯುತ್ತೆ. ಗಾಳಿ ಮೇಲಿನ ನೀರನ್ನ ತೀರದಿಂದ ಆಚೆ ತಳ್ಳುತ್ತೆ, ಆ ಖಾಲಿ ಜಾಗಕ್ಕೆ ಆಳದಿಂದ ಇನ್ನೂ ತಣ್ಣಗಿನ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತೆ. ಆ ಪೋಷಕಾಂಶಕ್ಕೆ ಪ್ಲಾಂಕ್ಟನ್ ಬೆಳೆಯುತ್ತೆ, ಪ್ಲಾಂಕ್ಟನ್ ತಿನ್ನೋಕೆ ಆಂಕೊವೆಟಾ ಅನ್ನೋ ಪುಟ್ಟ ಮೀನು ಬರುತ್ತೆ, ಮೀನಿಗಾಗಿ ಹಕ್ಕಿ, ಪೆಂಗ್ವಿನ್, ಸೀ ಲಯನ್. ಇದು ಒಂದು ಕಡೆ. ಇನ್ನೊಂದು ಕಡೆ, ಅದೇ ತಣ್ಣೀರು ತನ್ನ ಮೇಲಿನ ಗಾಳಿಯನ್ನೂ ತಣ್ಣಗೆ ಮಾಡುತ್ತೆ. ತಣ್ಣನೆಯ ಭಾರದ ಗಾಳಿ ಕೆಳಗೇ ಉಳಿಯುತ್ತೆ, ಮೇಲೆ ಏರಿ ಮಳೆಮೋಡ ಆಗಲ್ಲ. ಮಂಜು ಕವಿಯುತ್ತೆ, ಮಳೆ ಬೀಳಲ್ಲ. ಹಾಗಾಗಿ ತೀರದ ಉದ್ದಕ್ಕೂ ಮರಳುಗಾಡು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಹತ್ತು ಸೆಂಟಿಮೀಟರ್ ಆಳದ ಗೆರೆ ಎರಡು ಸಾವಿರ ವರ್ಷ ಉಳಿದುಕೊಂಡಿದೆ. ನಮ್ಮ ಆಗುಂಬೆಯಲ್ಲಿ ಬಿಡಿಸಿದ್ದರೆ ಒಂದು ಜೂನ್ ತಿಂಗಳೂ ತಡೀತಿರಲಿಲ್ಲ.

ಸಮುದ್ರ ಬಿಸಿಯಾದ ವರ್ಷ, ಅಂದರೆ ಎಲ್ ನಿನೊ ವರ್ಷ, ಎರಡೂ ಕಡೆ ಏಟು ಬೀಳುತ್ತೆ. ಮೀನು ಇಲ್ಲದೆ ಹಕ್ಕಿಗಳು ಸಾಯುತ್ತವೆ, ಒಣ ನೆಲದ ಮೇಲೆ ಪ್ರವಾಹ ಬರುತ್ತೆ. 1998ರ ಎಲ್ ನಿನೊದಲ್ಲಿ ಅದೇ ಪ್ರದೇಶದ ಇಕಾ ನಗರ ನೀರಲ್ಲಿ ಮುಳುಗಿತ್ತು.

ಆ ಚಿತ್ರ ಬಿಡಿಸಿದ ಜನಕ್ಕೂ ಸಮುದ್ರಕ್ಕೂ ನಂಟು ಇತ್ತು. 2019ರಲ್ಲಿ ಜಪಾನಿನ ಸಂಶೋಧಕರು ನಾಸ್ಕಾದ ಹಕ್ಕಿ ಚಿತ್ರಗಳ ಕೊಕ್ಕು, ಕಾಲು, ಬಾಲಗಳನ್ನ ನಿಜವಾದ ಹಕ್ಕಿಗಳ ಜೊತೆ ಹೋಲಿಸಿ ನೋಡಿದರು. ಅದರಲ್ಲಿ ಕೆಲವು ಪೆಲಿಕನ್ ಅಂತ ಗುರುತಿಸಿದರು. ಪೆಲಿಕನ್ ತೀರದ ಹಕ್ಕಿ. ಪ್ರಸಿದ್ಧ ಹಮ್ಮಿಂಗ್‌ಬರ್ಡ್ ಕೂಡ ಕಾಡು ಪ್ರದೇಶದ 'ಹರ್ಮಿಟ್' ಜಾತಿಯದ್ದು ಅಂದರು. ತಮ್ಮ ಸುತ್ತಮುತ್ತ ಕಾಣದ ಹಕ್ಕಿಗಳನ್ನ ಅವರು ಅಷ್ಟು ಸರಿಯಾಗಿ ಬಿಡಿಸಿದ್ದಾರೆ. ಯಾಕೆ ಬಿಡಿಸಿದರು ಅನ್ನೋದಕ್ಕೆ ಹಲವು ವಾದಗಳಿವೆ: ನೀರಿಗಾಗಿ ಪೂಜೆ, ಗೆರೆ ಹಿಡಿದು ನಡೆಯುವ ಮೆರವಣಿಗೆ. ಗೆರೆಗಳ ಮೇಲೆ ಒಡೆದ ಮಡಕೆ ಚೂರುಗಳು ಸಿಕ್ಕಿವೆ. ಎಷ್ಟೋ ಚಿತ್ರಗಳಲ್ಲಿ ಗೆರೆ ಎಲ್ಲೂ ತನ್ನನ್ನ ತಾನು ದಾಟುವುದಿಲ್ಲ, ಒಂದು ಕಡೆ ಶುರು ಮಾಡಿದರೆ ಇನ್ನೊಂದು ಕಡೆ ಹೊರಗೆ ಬರಬಹುದು. ನೀರಿನ ವಿಷಯದಲ್ಲಿ ಆ ಸೀಮೆಯ ಹಳಬರ ಕೈಚಳಕ ನೋಡಬೇಕು ಅಂದರೆ ನಾಸ್ಕಾ ಸುತ್ತಮುತ್ತ 'ಪುಕಿಯೋ' ಅನ್ನೋ ನೆಲದಡಿಯ ಕಾಲುವೆಗಳಿವೆ. ಸುರುಳಿಯಾಕಾರದ ಬಾವಿಯಂಥ ಗುಂಡಿಗಳ ಮೂಲಕ ಕೆಳಗೆ ಇಳಿದು ಹೂಳು ತೆಗೆಯಬಹುದು. ಅವುಗಳಲ್ಲಿ ಎಷ್ಟೋ ಇವತ್ತಿಗೂ ನೀರು ಕೊಡ್ತಿವೆ. ಬೀದರಿನ ಕರೇಜ್, ಅಂದರೆ ಸುರಂಗ ಬಾವಿ ನೋಡಿದವರಿಗೆ ಈ ತತ್ವ ತಕ್ಷಣ ಅರ್ಥ ಆಗುತ್ತೆ.

ಈಗ ಹಲ್ಲಿ.

1927ರಲ್ಲಿ ಪೆರುವಿನ ಪುರಾತತ್ವಜ್ಞ ತೊರಿಬಿಯೊ ಮೆಹಿಯಾ ಹೆಸ್ಪೆ ಬೆಟ್ಟದ ತಪ್ಪಲಿನಿಂದ ಈ ಗೆರೆಗಳನ್ನ ನೋಡಿ ಅಧ್ಯಯನ ಶುರು ಮಾಡಿದ್ದರು. ಅದನ್ನ ವಿದ್ವಾಂಸರ ಸಮ್ಮೇಳನದ ಮುಂದೆ ಇಟ್ಟದ್ದು 1939ರಲ್ಲಿ. ಅಷ್ಟು ಹೊತ್ತಿಗೆ ಪ್ಯಾನ್-ಅಮೆರಿಕನ್ ಹೆದ್ದಾರಿ ಆ ಬಯಲನ್ನ ಸೀಳಿಕೊಂಡು ಹೋಗಿತ್ತು, ಹಲ್ಲಿಯನ್ನೂ ಎರಡು ತುಂಡು ಮಾಡಿ. ಯಾರೂ ಬೇಕು ಅಂತ ಮಾಡಿದ್ದಲ್ಲ. ನೆಲದ ಮೇಲೆ ನಿಂತವನಿಗೆ ಅದು ಹಲ್ಲಿ ಅಂತ ಕಾಣುವುದೇ ಇಲ್ಲ; ಪಕ್ಕಕ್ಕೆ ಸರಿಸಿದ ಒಂದಷ್ಟು ಕಲ್ಲು, ಒಂದು ಸಣ್ಣ ತಗ್ಗು, ಅಷ್ಟೇ. ಅಲೈನ್‌ಮೆಂಟ್ ಹಾಕುವವನ ಕಣ್ಣಿಗೆ ಅದು ಚಿನ್ನದಂಥ ಜಾಗ: ಸಮತಟ್ಟು, ಮರ ಇಲ್ಲ, ಮನೆ ಇಲ್ಲ, ಭೂಸ್ವಾಧೀನದ ಜಗಳ ಇಲ್ಲ, ಕಟ್ ಅಂಡ್ ಫಿಲ್ ಕಮ್ಮಿ. ನಮ್ಮ ಸರ್ವೇಯಿಂಗ್ ಪೇಪರಿನಲ್ಲಿ ಆ ಅಲೈನ್‌ಮೆಂಟ್ ಬರೆದಿದ್ದರೆ ಫುಲ್ ಮಾರ್ಕ್ಸ್ ಬರ್ತಿತ್ತು. ನನಗೆ ಭಯ ಆಗೋದು ಇಲ್ಲೇ. ಮನೆ ಗೋಡೆ ಮೇಲಿನ ಹಲ್ಲಿ ಬಾಲ ಕಳಚಿಕೊಂಡರೆ ಮತ್ತೆ ಬೆಳೆಸಿಕೊಳ್ಳುತ್ತೆ. ಈ ಹಲ್ಲಿಗೆ ಆ ಯೋಗ ಇಲ್ಲ.

ರಸ್ತೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 2009ರಲ್ಲಿ ಅಪರೂಪಕ್ಕೆ ಜೋರು ಮಳೆ ಬಂತು. ನೀರು ಹೆದ್ದಾರಿ ಕಡೆಯಿಂದ ಹರಿದು ಬಂದು ಮರಳು, ಜೇಡಿಮಣ್ಣನ್ನ 'ಕೈಗಳು' ಅನ್ನೋ ಚಿತ್ರದ ಮೂರು ಬೆರಳ ಮೇಲೆ ಹರಡಿತು. 2018ರ ಜನವರಿಯಲ್ಲಿ ಒಬ್ಬ ಲಾರಿ ಡ್ರೈವರ್ ಅದೇ ಹೆದ್ದಾರಿಯಿಂದ ಲಾರಿಯನ್ನ ಬಯಲಿಗೆ ಇಳಿಸಿದ; ಮೂರು ಆಕೃತಿಗಳ ಮೇಲೆ ಚಕ್ರದ ಗುರುತು ಬಿತ್ತು. ಒಂದು ರಸ್ತೆ ಹಾಕಿದ ಮೇಲೆ ಆ ರಸ್ತೆ ತನ್ನ ಜೊತೆ ನೀರಿನ ಹರಿವು, ಲಾರಿ, ಜನ ಎಲ್ಲವನ್ನೂ ತರುತ್ತೆ. ಎಪ್ಪತ್ತು ಎಂಬತ್ತು ವರ್ಷ ಆದ ಮೇಲೂ ತರ್ತಾನೇ ಇರುತ್ತೆ. ಡ್ರಾಯಿಂಗ್‌ನಲ್ಲಿ ಅದು ಒಂದು ಗೆರೆ ಮಾತ್ರ.

ಒಳ್ಳೆ ಉದ್ದೇಶ ಇದ್ದವರೂ ಬಿಟ್ಟಿಲ್ಲ. 2014ರ ಡಿಸೆಂಬರಿನಲ್ಲಿ ಲಿಮಾದಲ್ಲಿ ಹವಾಮಾನದ ಬಗ್ಗೆ ವಿಶ್ವಸಂಸ್ಥೆಯ ಸಮ್ಮೇಳನ ನಡೀತಿದ್ದಾಗ ಗ್ರೀನ್‌ಪೀಸ್‌ನವರು ಹಮ್ಮಿಂಗ್‌ಬರ್ಡ್ ಪಕ್ಕದಲ್ಲಿ ದೊಡ್ಡ ಅಕ್ಷರಗಳ ಬಟ್ಟೆ ಹಾಸಿ ಫೋಟೋ ತೆಗೆಸಿದರು. ಪರಿಸರ ಉಳಿಸಿ ಅನ್ನೋದು ಅವರ ಸಂದೇಶ. ಅವರು ನಡೆದ ಹೆಜ್ಜೆ ಗುರುತುಗಳು ಆ ನೆಲದ ಮೇಲೆ ಉಳಿದುಬಿಟ್ಟವು. ಆಮೇಲೆ ಕ್ಷಮೆ ಕೇಳಿದರು. ಮಳೆಯೇ ಬಾರದ ಕಡೆ ಹೆಜ್ಜೆಯನ್ನ ಅಳಿಸೋಕೆ ಯಾರು ಬರಬೇಕು? ಇದಕ್ಕೆ ಹೋಲಿಸಿದರೆ ಜರ್ಮನಿಯಿಂದ ಬಂದ ಗಣಿತಜ್ಞೆ ಮರಿಯಾ ರೈಖೆಯ ದಾರಿಯೇ ಬೇರೆ. 1940ರ ದಶಕದಿಂದ 1998ರಲ್ಲಿ ಸಾಯುವ ತನಕ ಅವರು ಈ ಗೆರೆಗಳಿಗೇ ಜೀವ ತೇಯ್ದರು. ಕೈಯಲ್ಲಿ ಅಳತೆ ಟೇಪು, ಜೊತೆಗೆ ಒಂದು ಪೊರಕೆ. ಗುಡಿಸಿ ಗುಡಿಸಿ ಗೆರೆ ಹುಡುಕಿ ಅಳೆದರು. ಹೆದ್ದಾರಿ ಪಕ್ಕದ ಆ ಗೋಪುರವನ್ನ 1976ರಲ್ಲಿ ಕಟ್ಟಿಸಿದ್ದೂ ಅವರೇ, ಜನ ತುಳಿಯದೆ ನೋಡಲಿ ಅಂತ. ಇದು ಖಗೋಳದ ಪಂಚಾಂಗ ಅನ್ನೋ ಅವರ ವಾದವನ್ನ ಇವತ್ತು ಹೆಚ್ಚಿನವರು ಒಪ್ಪುವುದಿಲ್ಲ. ವಾದ ಬಿದ್ದರೂ ಅವರು ಮಾಡಿದ ಅಳತೆ ಉಳಿಯಿತು, ಗೆರೆಗಳೂ ಉಳಿದವು.

ಸಮುದ್ರದ ಕಡೆಯ ಲೆಕ್ಕವೂ ಹೀಗೇ ಇದೆ. ಹಕ್ಕಿಗಳ ಹಿಕ್ಕೆ, ಅಂದರೆ ಗ್ವಾನೋ, ಮಳೆ ಇಲ್ಲದ ಆ ದ್ವೀಪಗಳ ಮೇಲೆ ಹತ್ತಾರು ಮೀಟರ್ ಎತ್ತರಕ್ಕೆ ಗುಡ್ಡೆಯಾಗಿತ್ತು. ಸಾರಜನಕ ತುಂಬಿದ ಗೊಬ್ಬರ. 19ನೇ ಶತಮಾನದ ನಡುವಿನಲ್ಲಿ ಯುರೋಪ್ ಅಮೆರಿಕದ ಹೊಲಗಳಿಗೆ ಇದು ಹಡಗುಗಟ್ಟಲೆ ಹೋಯಿತು. ಅಗೆದವರಲ್ಲಿ ಬಹಳ ಜನ ಚೀನಾದಿಂದ ಕರಾರು ಕೂಲಿಗಳಾಗಿ ತಂದವರು. ಆ ದೂಳಿನಲ್ಲಿ, ಆ ಬಿಸಿಲಿನಲ್ಲಿ ಎಷ್ಟೋ ಜನ ಅಲ್ಲೇ ಸತ್ತರು. 1864ರಲ್ಲಿ ಪಕ್ಕದ ಚಿಂಚಾ ದ್ವೀಪಗಳನ್ನ ಸ್ಪೇನ್ ವಶ ಮಾಡಿಕೊಂಡು ಯುದ್ಧವೇ ಆಯಿತು. ಕೆಲವೇ ದಶಕಗಳಲ್ಲಿ ಗುಡ್ಡೆ ಖಾಲಿ. ಹಂಬೋಲ್ಟ್ ಪೆಂಗ್ವಿನ್ ಆ ಗ್ವಾನೋದಲ್ಲೇ ಬಿಲ ತೋಡಿ ಮೊಟ್ಟೆ ಇಡುವ ಹಕ್ಕಿ. ಅದಕ್ಕೆ ಗೊಬ್ಬರ ಹೋದದ್ದು ಅಂದರೆ ಮನೆ ಹೋದ ಹಾಗೆ.

ಮೀನಿನ ಕಥೆ ಇನ್ನೂ ಹತ್ತಿರದ್ದು. 1970ರಲ್ಲಿ ಪೆರು ಹಿಡಿದ ಆಂಕೊವೆಟಾ 1 ಕೋಟಿ 20 ಲಕ್ಷ ಟನ್ನಿಗೂ ಹೆಚ್ಚು. ಅತಿಯಾಗಿ ಹಿಡಿದದ್ದು ಒಂದು ಕಡೆ, 1972–73ರ ಎಲ್ ನಿನೊ ಇನ್ನೊಂದು ಕಡೆ; 1973ರ ಹೊತ್ತಿಗೆ ಅದು 20 ಲಕ್ಷ ಟನ್ನಿನ ಆಸುಪಾಸಿಗೆ ಕುಸಿಯಿತು. ಬಹುಪಾಲು ಮೀನು ಹೋಗ್ತಿದ್ದದ್ದು ಕೋಳಿ, ಹಂದಿಗಳ ಮೇವಿಗೆ.

ಇಲ್ಲಿ ನನ್ನ ಸೀನಿಯರ್ ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕು. "ಹಾಗಾದರೆ ರಸ್ತೆ ಬೇಡವಾ? ಗೊಬ್ಬರ ಬೇಡವಾ? ಎಲ್ಲಾ ಕಡೆ ಬೇಲಿ ಹಾಕಿ ಕೂತರೆ ಅಲ್ಲಿನ ಜನ ಏನು ತಿನ್ನಬೇಕು?" ನ್ಯಾಯವಾದ ಪ್ರಶ್ನೆ. ಆ ಹೆದ್ದಾರಿ ಇಲ್ಲದಿದ್ದರೆ ಅಕ್ಕನ ಬಸ್ಸೇ ಅಲ್ಲಿಗೆ ಹೋಗ್ತಿರಲಿಲ್ಲ. ದೂರದಲ್ಲಿ ಕೂತ ನಮಗೆ "ಮುಟ್ಟಬೇಡಿ" ಅನ್ನೋದು ಸುಲಭ. ಆ ಭಾಗದಲ್ಲಿ ಚಿನ್ನ ತಾಮ್ರದ ಸಣ್ಣ ಗಣಿಗಳನ್ನೇ ನಂಬಿದ ಕುಟುಂಬಗಳಿವೆ. 2025ರ ಮೇ ಕೊನೆಯಲ್ಲಿ ಪೆರು ಸರ್ಕಾರ ನಾಸ್ಕಾದ ರಕ್ಷಿತ ಪ್ರದೇಶವನ್ನ ಸುಮಾರು 5,600 ಚದರ ಕಿಲೋಮೀಟರಿನಿಂದ 3,200ಕ್ಕೆ ಇಳಿಸಿತು. ಗಣಿಗಾರಿಕೆಗೆ ಬಾಗಿಲು ತೆರೆದ ಹಾಗೆ ಅಂತ ದೊಡ್ಡ ವಿರೋಧ ಬಂದ ಮೇಲೆ ಜೂನ್‌ನಲ್ಲಿ ಆ ಆದೇಶ ವಾಪಸ್ ತಗೊಂಡಿತು. ಅಂದರೆ ಜಗಳ ಇವತ್ತಿಗೂ ನಡೀತಾ ಇದೆ.

ನನ್ನ ಉತ್ತರ ಇಷ್ಟು. ರಸ್ತೆ ಬೇಕು. ಆದರೆ ಆ ಹಲ್ಲಿ ಉಳಿಯೋಕೆ ರಸ್ತೆ ಕೆಲವು ನೂರು ಮೀಟರ್ ಪಕ್ಕಕ್ಕೆ ಹೋಗಿದ್ದರೆ ಸಾಕಿತ್ತು. ಖರ್ಚಿನ ಪ್ರಶ್ನೆ ಅಲ್ಲಿ ಬರಲೇ ಇಲ್ಲ, ಯಾಕೆಂದರೆ ಹಲ್ಲಿ ಇದೆ ಅನ್ನೋ ಮಾಹಿತಿಯೇ ಆ ಟೇಬಲ್ಲಿಗೆ ಬರಲಿಲ್ಲ. ಗೆರೆಗಳ ಸುದ್ದಿ ಒಬ್ಬ ಪುರಾತತ್ವಜ್ಞರ ಬಳಿ ಇತ್ತು, ರಸ್ತೆ ಇನ್ನೊಬ್ಬರ ನಕ್ಷೆಯಲ್ಲಿತ್ತು. ಎರಡೂ ಒಂದು ಕಡೆ ಸೇರಲಿಲ್ಲ. ಬಳಸಿಕೊಂಡೇ ಉಳಿಸಬಹುದು ಅನ್ನೋದಕ್ಕೆ ಪೆರುವಿನಲ್ಲೇ ಉದಾಹರಣೆ ಇದೆ. 1909ರಲ್ಲಿ ಗ್ವಾನೋ ನೋಡಿಕೊಳ್ಳೋಕೆ ಅಂತಲೇ ಒಂದು ಕಂಪನಿ ಮಾಡಿದರು. ದ್ವೀಪಗಳಿಗೆ ಕಾವಲು, ಹಕ್ಕಿ ಗೂಡು ಕಟ್ಟುವಾಗ ಯಾರೂ ಹೋಗಬಾರದು, ಒಂದು ದ್ವೀಪದಲ್ಲಿ ಅಗೆದರೆ ಆಮೇಲೆ ಅದಕ್ಕೆ ಕೆಲವು ವರ್ಷ ರಜೆ. ಆ ಹಕ್ಕಿಗಳ ಸಂಖ್ಯೆ ಏರಿತು, ಗೊಬ್ಬರವೂ ಸಿಕ್ಕಿತು. ಇವತ್ತಿಗೂ ಪೆರುವಿನಲ್ಲಿ ಹೀಗೆ ಸರದಿ ಪ್ರಕಾರ ಗ್ವಾನೋ ತೆಗೀತಾರೆ. ಇದನ್ನ ನಾನು ಇಂಜಿನಿಯರಿಂಗ್ ಅಂತಲೇ ಕರೀತೀನಿ, ಇದಕ್ಕೆ ಕಾಂಕ್ರೀಟ್ ಬೇಕಾಗಿಲ್ಲ ಅಷ್ಟೇ.

ನಮ್ಮ ಸಿಎಸ್, ಎಐ ಬ್ರಾಂಚಿನವರು "ಇದು ಸಿವಿಲ್‌ನವರ ತಲೆನೋವು" ಅಂತ ಪುಟ ತಿರುಗಿಸಬೇಡಿ. 2024ರಲ್ಲಿ ಜಪಾನಿನ ಯಮಗಾತಾ ವಿಶ್ವವಿದ್ಯಾಲಯದ ಮಸಾತೋ ಸಕಾಯ್ ತಂಡ ಮತ್ತು ಐಬಿಎಂ ಸೇರಿ, ಮೇಲಿಂದ ತೆಗೆದ ಫೋಟೋಗಳನ್ನ ಎಐ ಮಾಡೆಲ್‌ಗೆ ಕೊಟ್ಟು ಹುಡುಕಿಸಿದರು. ಸುಮಾರು ನೂರು ವರ್ಷದಲ್ಲಿ ಗೊತ್ತಾಗಿದ್ದ ಆಕೃತಿಗಳು 430. ಆರು ತಿಂಗಳ ಫೀಲ್ಡ್ ಸರ್ವೇಯಲ್ಲಿ ಹೊಸದಾಗಿ ಸಿಕ್ಕಿದ್ದು 303. ಬಹಳಷ್ಟು ಚಿಕ್ಕವು, ಹಳೆ ಕಾಲುದಾರಿಗಳ ಪಕ್ಕದಲ್ಲಿ ನಡೆದು ಹೋಗುವವರಿಗೆ ಕಾಣಲಿ ಅಂತ ಬಿಡಿಸಿದಂತಿವೆ. ಮಾಡೆಲ್ ತೋರಿಸಿದ್ದೆಲ್ಲ ನಿಜ ಆಗಿರಲಿಲ್ಲ. ಮನುಷ್ಯರು ಒಂದೊಂದನ್ನೂ ನೋಡಿ ಆರಿಸಿ, ಬಿಸಿಲಲ್ಲಿ ನಡೆದು ಹೋಗಿ ಖಾತ್ರಿ ಮಾಡಿಕೊಂಡರು. ರಕ್ಷಿತ ಪ್ರದೇಶ ಎಷ್ಟಿರಬೇಕು ಅಂತ ಸರ್ಕಾರದ ಜೊತೆ ವಾದ ಮಾಡುವಾಗ "ಇಲ್ಲಿ ಇಷ್ಟು ಚಿತ್ರ ಇದೆ" ಅಂತ ಪಾಯಿಂಟ್ ಇಟ್ಟು ತೋರಿಸೋಕೆ ಆಗೋದು ಇಂಥ ಕೆಲಸದಿಂದ. ನಮ್ಮ ಮಿನಿ ಪ್ರಾಜೆಕ್ಟ್‌ಗಳಲ್ಲಿ ಹೂವಿನ ಜಾತಿ ಗುರುತಿಸುವ ಮಾಡೆಲನ್ನೇ ಎಷ್ಟು ಸಲ ಮಾಡೋದು?

ಇದೆಲ್ಲ ಪೆರುವಿನ ಮಾತು, ನಮಗೆ ಯಾಕೆ ಅಂತ ಕೇಳಬಹುದು. ಬಳ್ಳಾರಿ ಹತ್ತಿರ ಸಂಗನಕಲ್ಲು ಗುಡ್ಡಗಳಿವೆ. ಅಲ್ಲಿ ನವಶಿಲಾಯುಗದ ಜನರ ನೆಲೆ ಇತ್ತು. ಬಂಡೆಗಳ ಮೇಲೆ ಎತ್ತು, ದನ, ಮನುಷ್ಯರ ಚಿತ್ರಗಳನ್ನ ಕುಟ್ಟಿ ಕುಟ್ಟಿ ಮಾಡಿದ್ದಾರೆ. ಕಲ್ಲಿನಿಂದ ಹೊಡೆದರೆ ಗಂಟೆ ಹಾಗೆ ಮೊಳಗುವ ಬಂಡೆಗಳೂ ಅಲ್ಲಿವೆ. ಆ ಗುಡ್ಡಗಳಲ್ಲಿ ಕಲ್ಲು ಗಣಿಗಾರಿಕೆಯಿಂದ ಏನೇನು ಹಾಳಾಗ್ತಿದೆ ಅಂತ ಪುರಾತತ್ವಜ್ಞರು ಬರೆದಿದ್ದಾರೆ. ಕಲ್ಲು ಯಾರಿಗೆ? ಜಲ್ಲಿ ಯಾರ ಕಾಂಕ್ರೀಟಿಗೆ? ಎಂ-25 ಮಿಕ್ಸ್ ಡಿಸೈನ್ ಮಾಡುವಾಗ ನಾವು ಜಲ್ಲಿಯ ಸೈಜು, ಸ್ಪೆಸಿಫಿಕ್ ಗ್ರಾವಿಟಿ, ನೀರು ಹೀರುವ ಪ್ರಮಾಣ ಎಲ್ಲ ಬರೀತೀವಿ. ಯಾವ ಗುಡ್ಡದಿಂದ ಬಂತು ಅನ್ನೋ ಕಾಲಂ ನನ್ನ ಲ್ಯಾಬ್ ರೆಕಾರ್ಡಿನಲ್ಲಿ ಇಲ್ಲ.

ಪರಿಸರದ ಮೇಲಿನ ಪರಿಣಾಮದ ಅಧ್ಯಯನ ಅಂದರೆ ನಮಗೆ ಪರೀಕ್ಷೆಗೆ ಮುಂಚಿನ ರಾತ್ರಿ ಓದಿ, ಪಾಸಾಗಿ, ಮರೆಯುವ ವಿಷಯ. ಇನ್ನು ಮೂರ್ನಾಲ್ಕು ವರ್ಷಕ್ಕೆ ನಮ್ಮಲ್ಲಿ ಯಾರೋ ಒಬ್ಬರು ಯಾವುದೋ ರಸ್ತೆಯ ಡ್ರಾಯಿಂಗ್‌ಗೆ ಸಹಿ ಹಾಕ್ತೀವಿ, ಯಾವುದೋ ಗಣಿಯ ಸರ್ವೆ ಮಾಡ್ತೀವಿ, ಯಾವುದೋ ಮಾಡೆಲ್ "ಇಲ್ಲಿ ಏನೂ ಇಲ್ಲ" ಅಂತ ಹೇಳಿದ್ದನ್ನ ಹಾಗೇ ರಿಪೋರ್ಟಿಗೆ ಹಾಕ್ತೀವಿ. "ಖಾಲಿ ಜಾಗ" ಅಂತ ಬರೆಯೋಕೆ ಎರಡು ಸೆಕೆಂಡ್ ಸಾಕು.

ಅದಕ್ಕೆ ಒಂದು ಸಣ್ಣ ಸಲಹೆ. ಪ್ರತಿ ವರ್ಷ ಸೀನಿಯರ್‌ಗಳು ಸರ್ವೆ ಕ್ಯಾಂಪಿಗೆ ಹೋಗ್ತಾರೆ. ಟೋಟಲ್ ಸ್ಟೇಷನ್ ಹಿಡಿದು ರಸ್ತೆ, ಕೆರೆ, ಚೆಕ್ ಡ್ಯಾಮ್ ಅಂತ ಪ್ರಾಜೆಕ್ಟ್ ಮಾಡ್ತಾರೆ. ಆ ರಿಪೋರ್ಟಿಗೆ ಒಂದು ಪುಟ ಸೇರಿಸೋಣ: ಈ ನೆಲದ ಮೇಲೆ ಮೊದಲಿಂದ ಏನೇನಿದೆ? ಊರಿನ ಹಿರಿಯರನ್ನ, ಕುರಿ ಕಾಯುವವರನ್ನ ಕೇಳಿ ಬರೆಯಬೇಕು. ವೀರಗಲ್ಲು, ಹಳೆ ಬಾವಿ, ಹಕ್ಕಿ ಗೂಡು ಕಟ್ಟುವ ಮರ, ನೀರು ಹರಿದು ಬರುವ ದಾರಿ, ಏನಿದ್ದರೂ ಸರಿ. ಅದಕ್ಕೆ ಮಾರ್ಕ್ಸ್ ಕೊಡಿ ಅಂತ ಮೇಷ್ಟ್ರನ್ನ ಕೇಳೋಣ. ಮಾರ್ಕ್ಸ್ ಇಲ್ಲದೆ ನಾವು ಯಾರೂ ಬರೆಯಲ್ಲ ಅಂತ ಅವರಿಗೂ ಗೊತ್ತು. ಕನ್ನಡ ಸಂಘದವರು ಆ ಪುಟಗಳನ್ನೆಲ್ಲ ಒಟ್ಟು ಮಾಡಿ ಇದೇ ಪತ್ರಿಕೆಯಲ್ಲಿ ಹಾಕಲಿ. ಊರವರ ಹತ್ತಿರ ಕೇಳಿ ಬರೆದದ್ದು ಹೇಗೂ ಕನ್ನಡದಲ್ಲೇ ಇರುತ್ತೆ.